ತೋಳನಬಂಡೆ ಹಚ್ಚಿದವನು

೧೧ ಫೆಬ್ರವರಿ ೨೦೦೮

ತೋಳನಬಂಡೆಗೆ ಬಂದು ಒಂದು ತಿಂಗಳಾಯಿತು. ತೋಳ ನನ್ನ ತಾತನ ಕಾಲದಲ್ಲೇ ಹೋಯಿತು. ಬಂಡೆಯನ್ನು ಕ್ವಾರಿಯವರು ಜಲ್ಲಿ ಮಾಡಿ ಮಾರಿಕೊಂಡರು. ಉಳಿದಿರುವುದು ಹೆಸರು ಮತ್ತು ನೀಲಗಿರಿ. ಬನಶಂಕರಿ ಆರನೇ ಹಂತ ಮುಗಿದು, ಸೈಟುಗಳ ಕಲ್ಲೂ ಮುಗಿದು, ಬಸ್ಸಿನ ಡ್ರೈವರು ಬೇಸತ್ತು ಹಿಂದಕ್ಕೆ ತಿರುಗಿಸುವ ಜಾಗದಲ್ಲಿ ಈ ಗುಡ್ಡವಿದೆ. ಸರ್ಕಾರದ ಲೆಕ್ಕದಲ್ಲಿ ಇದು ಅರಣ್ಯ. ಆ ಲೆಕ್ಕದ ಪ್ರಕಾರ ನಾನು, ಅಂದರೆ ಗುಂಡಣ್ಣ, ಇದರ ಉಪ ವಲಯ ಅರಣ್ಯಾಧಿಕಾರಿ.

ಹತ್ತು ವರ್ಷ ಫ್ಯಾನಿನ ಕೆಳಗೆ ಕೂತು ಸುಖವಾಗಿದ್ದೆ. ನಮ್ಮ ಸಾಹೇಬರ ಭಾವಮೈದುನ ಬೇಲಿ ಹಾಕಿದ್ದೇನೆಂದು ತಂದ ಬಿಲ್ಲಿನ ಮೇಲೆ 'ಬೇಲಿ ಎಲ್ಲಿದೆ' ಎಂದು ಬರೆದೆ. ಮರುವಾರವೇ ನನ್ನನ್ನು ಈ ಗುಡ್ಡಕ್ಕೆ ಹತ್ತಿಸಿದರು. ಹಳೇ ಸೀಟಿಗೆ ವಾಪಸ್ ಕಳಿಸಿ ಎಂದು ಅರ್ಜಿ ಹಾಕಿದ್ದೇನೆ. ಅಲ್ಲಿಯವರೆಗೆ ಈ ಗುಡ್ಡದಲ್ಲಿ ಏನೂ ಆಗದಿದ್ದರೆ ಸಾಕು.

ಆಗುವುದಕ್ಕೆ ಇಲ್ಲಿ ಏನಿದೆ? ನೀಲಗಿರಿಗೆ ರೋಗ ಬಂದಿದೆ. ಸೊಳ್ಳೆಗಿಂತ ಸಣ್ಣ ಕಣಜವೊಂದು ಎಳೇ ಚಿಗುರಿನೊಳಗೆ ಮೊಟ್ಟೆ ಇಡುತ್ತದೆ. ಎಲೆಯ ನರ, ತೊಟ್ಟು ಎಲ್ಲ ಗಂಟುಗಂಟಾಗಿ ಮುರುಟಿಕೊಳ್ಳುತ್ತದೆ. ಮರ ಬೆಳೆಯುವುದೂ ಇಲ್ಲ, ಸಾಯುವುದೂ ಇಲ್ಲ. ನಮ್ಮ ಇಲಾಖೆಯಲ್ಲಿ ಇಂಥವರನ್ನು ಬಹಳ ಕಂಡಿದ್ದೇನೆ, ಅವರಿಗೆ ಬಡ್ತಿಯೂ ಸಿಗುತ್ತದೆ.

ಕೈಕೆಳಗೆ ಒಬ್ಬನೇ ಗಾರ್ಡ್, ಗುರುಸಿದ್ದ. ಬಾದಾಮಿ ಕಡೆಯವನು, ಎಂಟು ವರ್ಷದಿಂದ ಇದೇ ಗುಡ್ಡದಲ್ಲಿದ್ದಾನೆ. ಬಿಟಿಎಂ ಬಡಾವಣೆಯಲ್ಲಿ ಒಂದು ರೂಮಿನ ಬಾಡಿಗೆ ಮನೆ. ನನ್ನ ಮುಂದೆ ಬೆಂಗಳೂರು ಕನ್ನಡ ಆಡಲು ಹೋಗಿ ತಡವರಿಸಿ, ಕೊನೆಗೆ ಸಲ್ಯೂಟ್ ಹೊಡೆದು ಮುಗಿಸುತ್ತಾನೆ.

ಇನ್ನು ಬೆಳಗಿನ ವಾಕಿಂಗ್ ಸಂಘ. ಅಧ್ಯಕ್ಷರು ವಾದಿರಾಜರು, ನಿವೃತ್ತ ಚೀಫ್ ಇಂಜಿನಿಯರ್, ಕತ್ರಿಗುಪ್ಪೆಯಲ್ಲಿ ಸ್ವಂತ ಮನೆ. ದಿನಾ ಗೇಟಿನ ಹತ್ತಿರದ ಒಣ ಎಲೆಯನ್ನೆಲ್ಲ ಗುಡಿಸಿ ಗುಡ್ಡೆ ಹಾಕಿಸಿ ಬೆಂಕಿ ಇಡಿಸುತ್ತಾರೆ. ಶುಚಿಯೂ ಆಯಿತು, ಸೊಳ್ಳೆಯೂ ಹೋಯಿತಂತೆ.

"ಸಾರ್, ಕಾಡೊಳಗೆ ಬೆಂಕಿ ಹಾಕಬಾರದು" ಎಂದೆ.

"ಇದು ಕಾಡಲ್ಲ ಮಿಸ್ಟರ್ ಗುಂಡಣ್ಣ, ಇದು ಗೇಟು" ಎಂದರು.

ಗೇಟೇ ಇರಲಿ ಎಂದು ಸುಮ್ಮನಾದೆ.

೨೭ ಫೆಬ್ರವರಿ

ಹೊತ್ತಿಕೊಂಡಿತು.

ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಗಾಳಿ ಎದ್ದಿತು. ನಾನು ಚಹಾ ಕುಡಿದು ಬರುವಷ್ಟರಲ್ಲಿ ಗುಡ್ಡದ ಅರ್ಧ ಹೊಗೆ. ನೀಲಗಿರಿ ಎಲೆಯಲ್ಲಿ ಎಣ್ಣೆ ಇರುತ್ತದೆ ಎಂದು ಓದಿದ್ದೆ, ಇವತ್ತು ಕಣ್ಣಾರೆ ನೋಡಿದೆ. ಅಗ್ನಿಶಾಮಕದವರು ಬಂದರು, ಅವರ ಪೈಪು ಗೇಟು ದಾಟಿ ಸ್ವಲ್ಪ ಮೇಲಕ್ಕೆ ಬಂದು ನಿಂತಿತು. ವಾಕಿಂಗ್ ಸಂಘದವರು ಮೂಗಿಗೆ ಕರವಸ್ತ್ರ ಹಿಡಿದು ರಸ್ತೆಯಲ್ಲಿ ನಿಂತು ಸಲಹೆ ಕೊಟ್ಟರು.

ಗುರುಸಿದ್ದ ಹಸಿ ಕೊಂಬೆ ಮುರಿದುಕೊಂಡು ಒಳಗೆ ನುಗ್ಗಿದ. ಕತ್ತಲಾಗುವವರೆಗೆ ಬಡಿದ. ಹೊರಗೆ ಬಂದಾಗ ಎರಡೂ ಹುಬ್ಬು ಇರಲಿಲ್ಲ. ನಾನೂ ಒಂದು ಕೊಂಬೆ ಹಿಡಿದಿದ್ದೆ, ಸುಳ್ಳೇಕೆ, ಹೆಚ್ಚಾಗಿ ಹಿಡಿದುಕೊಂಡೇ ಇದ್ದೆ.

೨೯ ಫೆಬ್ರವರಿ

ಗುಡ್ಡದ ಮುಕ್ಕಾಲು ಭಾಗ ಕಪ್ಪು. ಕರಿ ದಾರಿ ಎಲ್ಲಿಂದ ಶುರುವಾಗಿದೆ ಎಂದು ನೋಡಲು ಕನ್ನಡಕವೂ ಬೇಡ. ಗೇಟಿನ ಪಕ್ಕದ ಎಲೆಯ ಗುಡ್ಡೆಯಿಂದ ನೇರವಾಗಿ ಮೇಲಕ್ಕೆ ಹೋಗಿದೆ. ವರದಿಯಲ್ಲಿ 'ಕಾರಣ ತಿಳಿದುಬಂದಿಲ್ಲ' ಎಂದು ಬರೆದೆ. ನಿವೃತ್ತ ಚೀಫ್ ಇಂಜಿನಿಯರನ್ನು ಮೈಮೇಲೆ ಎಳೆದುಕೊಂಡರೆ ನನ್ನ ಅರ್ಜಿ ಮೂಲೆ ಸೇರುತ್ತದೆ. ಈ ದೇಶದಲ್ಲಿ ಎಷ್ಟೋ ಬೆಂಕಿಗಳಿಗೆ ಕಾರಣ ತಿಳಿದುಬಂದಿಲ್ಲ, ಇದೊಂದು ಹೆಚ್ಚಾಯಿತು ಅಷ್ಟೆ.

೪ ಮಾರ್ಚ್

ಸಾಹೇಬರು ಸ್ಥಳ ಪರಿಶೀಲನೆಗೆ ಬಂದರು. ವಾದಿರಾಜರು ತಮ್ಮ ಸಂಘದವರನ್ನೆಲ್ಲ ಕರೆತಂದಿದ್ದರು. ಬಿಳಿ ಶೂ, ಬಿಳಿ ಟೋಪಿ, ಹದಿನಾರು ಜನ. ಸುಟ್ಟ ಮರಗಳು ಸಾಲಾಗಿ ನಿಂತಿದ್ದವು. ಸಾಹೇಬರು ಕೋಲು ತೋರಿಸಿ ಗುರುಸಿದ್ದನನ್ನು ಕೇಳಿದರು, "ಏನಪ್ಪಾ, ಯಾರದಿದು ಕೆಲಸ?"

ಗುರುಸಿದ್ದ ಒಂದು ಹೆಜ್ಜೆ ಮುಂದೆ ಬಂದು ಎದೆ ಸೆಟೆಸಿ ನಿಂತ. ಗಾಬರಿಗೋ ಹೆಮ್ಮೆಗೋ ಬೆಂಗಳೂರು ಕನ್ನಡ ಪೂರ್ತಿ ಮರೆತುಹೋಗಿತ್ತು.

"ನಾನ ಹಚ್ಚೀನ್ರಿ ಸಾಹೇಬ್ರ."

ಸಾಹೇಬರು ಕೋಲು ಕೆಳಗಿಳಿಸಿದರು. "ಏನಂದೆ?"

"ಈ ಗುಡ್ಡಾ ಪೂರಾ ನಾನ ಹಚ್ಚಿದ್ರಿ. ನಾನೂ ನನ್ನ ಹೇಣ್ತಿ ಕೂಡಿ ಹಚ್ಚೀವ್ರಿ."

"ಯಾಕಯ್ಯ ಹಚ್ಚಿದೆ?"

"ಮ್ಯಾಲಿನವ್ರು ಹಚ್ಚು ಅಂದ್ರು, ಹಚ್ಚಿದೆ. ಈಗ ನೋಡಿದ್ರ ತಪ್ಪಾತು ಅನಸ್ತೈತ್ರಿ. ನೀವು ಹೂಂ ಅನ್ರಿ, ಮಳಿ ಬಿದ್ದ ಕೂಡ್ಲೇ ಇನ್ನೊಮ್ಮೆ ಹಚ್ಚತೇನಿ."

ವಾದಿರಾಜರು ಕೈ ಎತ್ತಿದರು. "ನೋಟ್ ಮಾಡ್ಕೊಳ್ಳಿ ಸಾರ್. ನಾವೆಲ್ಲಾ ವಿಟ್ನೆಸ್ ಇದೀವಿ. ಇನ್ನೊಂದ್ಸಲ ಹಚ್ತೀನಿ ಅಂತಿದಾನೆ, ಎಷ್ಟು ಧೈರ್ಯ ನೋಡಿ."

ಸಾಹೇಬರು 'ಮ್ಯಾಲಿನವ್ರು' ಎಂಬ ಮಾತಿಗೆ ತಿರುಗಿ ನನ್ನ ಮುಖ ನೋಡಿದರು. ಈ ಗುಡ್ಡದಲ್ಲಿ ಗುರುಸಿದ್ದನಿಗೆ ಮೇಲಿನವನು ನಾನೊಬ್ಬನೇ. ಅವನನ್ನು ಅಲ್ಲೇ ಅಮಾನತು ಮಾಡಿದರು. ಅವನು ಸಲ್ಯೂಟ್ ಹೊಡೆದು, ಬೆಲ್ಟು ಬಿಚ್ಚಿ ನನ್ನ ಕೈಗೆ ಕೊಟ್ಟು, ತಲೆ ತಗ್ಗಿಸಿ ಇಳಿದು ಹೋದ.

ಹುಬ್ಬು ಸುಟ್ಟುಕೊಂಡು ಆರಿಸಿದವನು ಯಾಕೆ ಹಚ್ಚಿದ ಎಂದು ನನಗೂ ಒಂದು ಕ್ಷಣ ಅನ್ನಿಸಿತು. ಆಮೇಲೆ ಊಟದ ಹೊತ್ತಾಯಿತು.

೫ ಮಾರ್ಚ್

ಆ ಮೇಲಿನವರು ಯಾರು ಎಂದು ನಾನು ವಿವರಣೆ ಕೊಡಬೇಕಂತೆ. ಊಟ ಸೇರಲಿಲ್ಲ.

೧೩ ಮಾರ್ಚ್

ಗಾರ್ಡ್ ಇಲ್ಲ, ಆದ್ದರಿಂದ ಸುತ್ತು ಹಾಕುವುದೂ ನನ್ನ ತಲೆಗೇ ಬಂತು. ಶೂ ತುಂಬ ಬೂದಿ. ಮೇಲಿನ ಕಚೇರಿಯಿಂದ ಯೋಜನೆ ಬಂದಿದೆ: ಸುಟ್ಟಿದ್ದು, ಸುಡದೇ ಉಳಿದದ್ದು ಎಲ್ಲವನ್ನೂ ಕಡಿಯುವುದು, ಜೆಸಿಬಿ ಇಳಿಸಿ ಬೇರುಸಹಿತ ಬೊಡ್ಡೆ ಕೀಳುವುದು, ನೆಲ ಮಟ್ಟ ಮಾಡುವುದು, ಮತ್ತೆ ನೀಲಗಿರಿಯನ್ನೇ ನೆಡುವುದು. ನಡುವೆ ವಾದಿರಾಜರ ಸಂಘಕ್ಕೆ ಟೈಲ್ಸ್ ಹಾಕಿದ ಹಾದಿ. ಜೆಸಿಬಿ ಯಾರದು ಎಂದು ವಿಚಾರಿಸಿದೆ. ಭಾವಮೈದುನರು ಬೇಲಿಯಿಂದ ಯಂತ್ರಕ್ಕೆ ಬಡ್ತಿ ಪಡೆದಿದ್ದಾರೆ.

ನನಗೇನು, ಬೇಗ ಮಾಡಿ ಮುಗಿಸಲಿ.

೨೧ ಮಾರ್ಚ್

ಶುಭ ಶುಕ್ರವಾರದ ರಜೆ. ಜಯನಗರದ ನಮ್ಮ ಮನೆಯ ವರಾಂಡದಲ್ಲಿ ಉಪ್ಪಿಟ್ಟು ತಿನ್ನುತ್ತ ಕೂತಿದ್ದೆ. ಗೇಟಿನಲ್ಲಿ ಒಬ್ಬ ಹೆಂಗಸು, ಕೈಯಲ್ಲಿ ಬಟ್ಟೆ ಸುತ್ತಿದ ಗಂಟು. ಗುರುಸಿದ್ದನ ಹೆಂಡತಿ ರೇಣವ್ವ. ಬಿಟಿಎಂನ ಹುಡುಗರ ಪಿಜಿಗಳಿಗೆ ಜೋಳದ ರೊಟ್ಟಿ ಬಡಿದುಕೊಡುತ್ತಾಳಂತೆ. ಗಂಡನ ಸಂಬಳ ನಿಂತ ಮೇಲೆ ಅದರಲ್ಲೇ ಮನೆ ನಡೆಯುತ್ತಿದೆ. ನಮಗೂ ರೊಟ್ಟಿ, ಶೇಂಗಾ ಚಟ್ನಿ ತಂದಿದ್ದಳು. ಬೇಡಿಕೊಳ್ಳಲು ಬಂದವಳಿಗೆ ಮಾತು ಎಲ್ಲಿಂದ ಶುರು ಮಾಡಬೇಕೋ ತಿಳಿಯಲಿಲ್ಲ. ಅತ್ತಿತ್ತ ನೋಡಿ ನನ್ನ ಹೆಂಡತಿ ಸತ್ಯಭಾಮಾಳಿಗೆ ಹೇಳಿದಳು:

"ಅಕ್ಕಾರ, ನಿಮ್ಮ ತುಳಸಿ ಒಣಗೇತ್ರಿ. ಹೊಸಾದು ತಂದು ಹಚ್ಚಿಕೊಡ್ಲೇನ್ರಿ?"

ಸತ್ಯಭಾಮಾ ಯಡಿಯೂರಿನ ಶಾಲೆಯಲ್ಲಿ ಇಪ್ಪತ್ತೈದು ವರ್ಷ ಕನ್ನಡ ಪಾಠ ಮಾಡಿದವಳು. ಹೌಹಾರಿದಳು.

"ತುಳಸೀನ ಹಚ್ಚೋದಾ? ಏನಮ್ಮಾ, ರಜಾ ದಿವಸ ಬೆಳಬೆಳಗ್ಗೆ ಇಂಥ ಮಾತಾಡ್ತೀಯ."

"ಮತ್ತ ಹಚ್ಚಲಾರದ ಹ್ಯಾಂಗ ಬೆಳೀತೈತ್ರಿ?"

"ಹಚ್ಚಿದ್ರೆ ಬೆಳೆಯುತ್ತಾ?"

"ಮಣ್ಣಾಗ ಹಚ್ಚಿ ಒಂದು ತಂಬಿಗಿ ನೀರು ಹಾಕಿದ್ರ ತಾನ ಬೆಳೀತೈತ್ರಿ."

ನನ್ನ ಚಮಚ ಉಪ್ಪಿಟ್ಟಿನಲ್ಲೇ ನಿಂತಿತು. "ರೇಣವ್ವ, ನೀವು ಗಂಡ ಹೆಂಡತಿ ಆ ಗುಡ್ಡ ಹಚ್ಚಿದ್ದು ಯಾವಾಗ?"

"ನಮ್ಮ ಸಣ್ಣಾಕಿ ಹುಟ್ಟಿದ ವರ್ಷರೀ. ಆಕಿನ್ನ ಸೀರಿ ಜೋಳಿಗ್ಯಾಗ ಹಾಕಿ ಗಿಡಕ್ಕ ಕಟ್ಟಿ ಹಚ್ಚೀನ್ರಿ. ಈಗ ಎರಡನೇತ್ತಾ ಓದತಾಳ."

ಸತ್ಯಭಾಮಾ ನನ್ನನ್ನು ನೋಡಿದಳು, ನಾನು ಅವಳನ್ನು ನೋಡಿದೆ. ಹಚ್ಚುವುದೆಂದರೆ ಇವರ ಕಡೆ ನೆಡುವುದು. ಅವನು ಹೇಳಿದ್ದು ಇಷ್ಟೇ: ಈ ಮರಗಳನ್ನೆಲ್ಲ ನಾನೇ ನೆಟ್ಟೆ, ಮೇಲಿನವರು ನೆಡು ಎಂದರು, ನೀಲಗಿರಿ ನೆಟ್ಟದ್ದು ತಪ್ಪಾಯಿತು, ಮಳೆ ಬಿದ್ದ ಕೂಡಲೇ ಮತ್ತೆ ನೆಡುತ್ತೇನೆ. ಮಳೆ ಬಿದ್ದ ಮೇಲೆ ಯಾವ ಮಹಾನುಭಾವ ಕಾಡಿಗೆ ಬೆಂಕಿ ಇಡುತ್ತಾನೆ? ಹದಿನಾರು ಜನ ವಿದ್ಯಾವಂತರು, ಒಬ್ಬ ಸಾಹೇಬ, ಹದಿನೇಳನೆಯವನ ಪಕ್ಕದಲ್ಲಿ ನಾನು. ಯಾರ ತಲೆಗೂ ಹೊಳೆಯಲಿಲ್ಲ.

ಮೊದಲು ನಗು ಬಂತು. ಸತ್ಯಭಾಮಾ ಸೆರಗು ಬಾಯಿಗೆ ಹಿಡಿದುಕೊಂಡು ಒಳಗೆ ಹೋದಳು. ವಿಷಯ ಬಿಡಿಸಿ ಹೇಳಿದರೂ ರೇಣವ್ವ ನಗಲಿಲ್ಲ. ಗುರುಸಿದ್ದನಿಗೆ ತನ್ನನ್ನು ಬೆಂಕಿ ಇಟ್ಟವನೆಂದು ತಿಳಿದಿದ್ದಾರೆ ಎಂಬುದೇ ಗೊತ್ತಿಲ್ಲವಂತೆ. "ನೀಲಗಿರಿ ಹಚ್ಚಿದ್ದಕ್ಕ ಕೆಲಸ ಹೋತು ಅಂತ ತಿಳ್ಕೊಂಡಾರ್ರಿ. ಅದಕ್ಕ ಹುಳಾ ಬಿತ್ತು, ಅದಕ್ಕ ಉರಿ ಹತ್ತಿತು, ಎಲ್ಲಾ ನಂದ ತಪ್ಪು ಅಂತ ಗ್ವಾಡಿ ಕಡೆ ಮಾರಿ ಮಾಡಿ ಮಲಗತಾರ" ಎಂದಳು.

ಆಮೇಲೆ ನನಗೂ ನಗು ಬರಲಿಲ್ಲ.

೨೪ ಮಾರ್ಚ್

ಸಾಹೇಬರಿಗೆ ಹೇಳಿದೆ. ಪೂರ್ತಿ ಕೇಳಿದರು, ಮೂಗು ಕೆರೆದುಕೊಂಡರು.

"ಕನ್ನಡ ನನಗೆ ಹೇಳ್ಕೊಡ್ತೀರಾ ಗುಂಡಣ್ಣ? ದೀಪ ಹಚ್ಚೋದು, ಬೆಂಕಿ ಹಚ್ಚೋದು. ಗಿಡ ಹಚ್ಚೋದು ಅಂತ ಯಾರಾದ್ರೂ ಅಂತಾರಾ?"

"ಅರ್ಧ ಕರ್ನಾಟಕ ಅಂತಾರೆ ಸಾರ್. ಅದೂ ಅಲ್ಲದೆ ಬೆಂಕಿ ಶುರುವಾಗಿದ್ದು ಗೇಟಿನಿಂದ. ಸಂಘದವರು ದಿನಾ ಎಲೆ ಸುಡ್ತಾರೆ."

"ಅವರು ಹಿರಿಯ ನಾಗರಿಕರು. ಅದರಲ್ಲಿ ಇಬ್ಬರು ನನಗೇ ಸಾಹೇಬರಾಗಿದ್ದವರು." ಕುರ್ಚಿ ಹತ್ತಿರ ಎಳೆದುಕೊಂಡರು. "ನೋಡಿ, ಬೆಂಕಿಗೆ ಅಂತ ಒಬ್ಬ ಬೇಕು. ಅವನೇ ಬಾಯಿಬಿಟ್ಟು ಒಪ್ಕೊಂಡಿದಾನೆ. ಮೇಲಿನವರು ಅಂದಿದ್ದು ನಿಮಗಲ್ಲ ಅಂತ ನಾನು ಬರೀತೀನಿ. ಅವನು ಹೇಳಿದ್ದು ನಾನೂ ಕೇಳಿದೆ ಅಂತ ನೀವೊಂದು ಸಹಿ ಹಾಕಿ. ಜೂನ್‌ನಲ್ಲಿ ನಿಮ್ಮ ಹಳೇ ಸೀಟು ಖಾಲಿ ಆಗುತ್ತೆ."

ಸಹಿ ಹಾಕಿದರೆ ಗುರುಸಿದ್ದನ ಕೆಲಸ ಪೂರ್ತಿ ಹೋಗುತ್ತದೆ, ಜೈಲಾದರೂ ಆಶ್ಚರ್ಯವಿಲ್ಲ. ಹಾಕದಿದ್ದರೆ ನಾನು ಇಲ್ಲೇ ಕೊಳೆಯುತ್ತೇನೆ. ಯೋಚನೆ ಮಾಡುತ್ತೇನೆ ಎಂದು ಹೇಳಿ ಬಂದೆ. ಅಲ್ಲೇ ಆಗುವುದಿಲ್ಲ ಎನ್ನುವಷ್ಟು ದೊಡ್ಡ ಮನುಷ್ಯ ನಾನಲ್ಲ.

೨೬ ಮಾರ್ಚ್

ಸಹಿ ಹಾಕಲಿಲ್ಲ. ಕನ್ನಡಕ ಮರೆತು ಬಂದಿದ್ದೇನೆ, ಓದಿ ಹಾಕುತ್ತೇನೆ ಎಂದೆ. ಕನ್ನಡಕ ಮೂಗಿನ ಮೇಲೇ ಇತ್ತು. ಸಾಹೇಬರೂ ನೋಡಿದರು.

೯ ಏಪ್ರಿಲ್

ಯುಗಾದಿಯ ಹಿಂದಿನ ವಾರ ಎರಡು ಮಳೆ ಬಿತ್ತು. ಇವತ್ತು ಸುತ್ತು ಹಾಕುವಾಗ ಕಂಡದ್ದು: ಸುಟ್ಟ ನೀಲಗಿರಿಯ ಬುಡದಲ್ಲೆಲ್ಲ ಕೆಂಪು ಚಿಗುರು. ಖುಷಿಯಾಗಿ ಹತ್ತಿರ ಹೋದರೆ ಅದರಲ್ಲೂ ಆಗಲೇ ಗಂಟು. ಕಣಜಕ್ಕೆ ಎಳೇ ಚಿಗುರೇ ಬೇಕು. ಬೆಂಕಿ ಬಿದ್ದದ್ದರಿಂದ ಅದಕ್ಕೆ ಮದುವೆ ಊಟವೇ ಸಿಕ್ಕಂತಾಗಿದೆ. ಇದನ್ನೇ ಕಡಿದು ಇದನ್ನೇ ಮತ್ತೆ ನೆಟ್ಟರೆ ಹುಳಕ್ಕೆ ನಾವೇ ಬಡಿಸಿದ ಹಾಗೆ.

ಆದರೆ ನಡುವೆ ಬೇರೆಯದೂ ಇದೆ. ಬೂದಿಯಿಂದ ಮುಳ್ಳು ಮುಳ್ಳಾಗಿ ಏನೋ ಎದ್ದಿದೆ, ಪಕ್ಕದಲ್ಲಿ ಅಂಟಂಟು ಎಲೆಯದು ಇನ್ನೊಂದು. ಹೆಸರು ಗೊತ್ತಾಗದೆ ಎಲೆ ಕಿತ್ತು ಮನೆಗೆ ತಂದು, ಹಳೇ ತರಬೇತಿಯ ಪುಸ್ತಕ ಹುಡುಕಿದೆ. ಕಾರೆ, ಬಂದರಿಕೆ. ನೀಲಗಿರಿ ಬರುವ ಮೊದಲು ಈ ಗುಡ್ಡದಲ್ಲಿ ಇದ್ದವು. ಇಷ್ಟು ವರ್ಷ ಬೇರು ಕಚ್ಚಿ ಸುಮ್ಮನೆ ಕಾದಿವೆ. ಜೆಸಿಬಿ ಬಂದರೆ ಆ ಬೇರೂ ಹೋಗುತ್ತದೆ, ಮೊದಲ ದೊಡ್ಡ ಮಳೆಗೆ ಮಣ್ಣೂ ಇಳಿದು ಹೋಗುತ್ತದೆ.

ಚುನಾವಣೆಯ ನೀತಿ ಸಂಹಿತೆ ಜಾರಿಯಾಗಿದೆ, ಹೊಸ ಕಾಮಗಾರಿ ಶುರು ಮಾಡುವಂತಿಲ್ಲ. ಈ ದೇಶದ ಪ್ರಜಾಪ್ರಭುತ್ವದ ಬಗ್ಗೆ ನನಗೆ ಇವತ್ತು ಬಂದಷ್ಟು ಗೌರವ ಹಿಂದೆ ಯಾವತ್ತೂ ಬಂದಿರಲಿಲ್ಲ. ಜೆಸಿಬಿಯನ್ನು ಗೇಟಿನಲ್ಲೇ ತಡೆದು ವಾಪಸ್ ಕಳಿಸಿದೆ.

ಇಳಿಯುವಾಗ ಗೇಟಿನ ಬಳಿ ಎಲೆಯ ಗುಡ್ಡೆಗೆ ಮತ್ತೆ ಬೆಂಕಿ. ಯಾವ ದೆವ್ವ ಹೊಕ್ಕಿತ್ತೋ, ವಾದಿರಾಜರ ಎದುರಿಗೇ ನನ್ನ ನೀರಿನ ಬಾಟಲಿ ಪೂರ್ತಿ ಸುರಿದೆ, ಸಾಲದ್ದಕ್ಕೆ ಶೂನಿಂದ ತುಳಿದೆ.

"ವಾಟ್ ಈಸ್ ದಿಸ್ ಮಿಸ್ಟರ್ ಗುಂಡಣ್ಣ?"

"ಗೇಟು ಸಾರ್. ಗೇಟು ಒದ್ದೆ ಮಾಡ್ತಿದೀನಿ."

೧೨ ಮೇ

ಚುನಾವಣೆ ಡ್ಯೂಟಿ ಮುಗಿಯಿತು. ಎರಡು ದಿನ ಮತಯಂತ್ರದ ಹತ್ತಿರ ಕೂತಿದ್ದರೂ ತಲೆ ತುಂಬ ಗುಡ್ಡ. ನಾನಿಲ್ಲದಾಗ ಜೆಸಿಬಿ ನುಗ್ಗಿಸಿದ್ದರೆ ಎಂದು. ನುಗ್ಗಿಸಿರಲಿಲ್ಲ. ಸಂಜೆ ಹೋಗಿ ನೀಲಗಿರಿ ಬೊಡ್ಡೆಗಳ ಗಂಟುಬಿದ್ದ ಚಿಗುರನ್ನು ಮುರಿದು ಮುರಿದು ಚೀಲಕ್ಕೆ ತುಂಬಿದೆ. ನನ್ನ ಜೊತೆ ರೇಣವ್ವ ಕಳಿಸಿದ ಇಬ್ಬರು ಹೆಂಗಸರು, ತಂಗೆವ್ವ ಮತ್ತು ಯಲ್ಲವ್ವ. ಬೊಡ್ಡೆ ಸತ್ತ ಮೇಲೆ ಕಾರೆಗೆ ಬಿಸಿಲು ಸಿಗುತ್ತದೆ. ಗೇಟಿನ ಉದ್ದಕ್ಕೆ ಮಾತ್ರ ಮಳೆಗಾಲದಲ್ಲಿ ಹೊಂಗೆ ಹಚ್ಚಿಸಬೇಕು, ಎಲೆ ಗುಡಿಸುವವರಿಗೂ ಗುಡ್ಡಕ್ಕೂ ನಡುವೆ ಒಂದು ಹಸಿರು ಗೋಡೆ ಇರಲಿ.

ಗುರುಸಿದ್ದ ಬರಲಿಲ್ಲ. ಅಮಾನತಾದವನು ಗುಡ್ಡ ತುಳಿದರೆ ಅದಕ್ಕೂ ಒಂದು ಕೇಸು ಹಾಕಿಯಾರು ಎಂದು ನಾನೇ ಬೇಡವೆಂದಿದ್ದೆ.

೧೬ ಜೂನ್

ಹೊಸ ಸರ್ಕಾರ, ಹೊಸ ವರ್ಗಾವಣೆಗಳು. ನಮ್ಮ ಸಾಹೇಬರ ಮೇಲೆ ಹೊಸ ದೊಡ್ಡ ಸಾಹೇಬರು ಬಂದಿದ್ದಾರೆ. ಇಂಗ್ಲಿಷ್ ಬಿಟ್ಟು ಬೇರೆ ಮಾತಿಲ್ಲವಂತೆ, ತುಂಬ ಬಿಗುವಂತೆ. ಕಚೇರಿಯ ಗುಮಾಸ್ತರನ್ನು ಚಹಾಕ್ಕೆ ಕರೆದು ಮೆಲ್ಲಗೆ ಕೇಳಿದೆ, ಊರು ಯಾವುದು ಎಂದು.

ರೋಣ. ಬಾದಾಮಿಯ ಪಕ್ಕದ ತಾಲ್ಲೂಕು.

ಚಹಾದ ಜೊತೆ ಅವರಿಗೆ ಮಸಾಲೆ ದೋಸೆಯನ್ನೂ ಕೊಡಿಸಿದೆ. ವನಮಹೋತ್ಸವ ತೋಳನಬಂಡೆಯಲ್ಲೇ ನಡೆಯಲಿ, ಹೊಸ ಸಾಹೇಬರೇ ಮುಖ್ಯ ಅತಿಥಿ ಎಂದು ಪತ್ರ ಹಾಕಿದೆ. ನಮ್ಮ ಸಾಹೇಬರಿಗೆ ಬಹಳ ಸಂತೋಷವಾಗಿ ನನ್ನ ಹೆಗಲು ತಟ್ಟಿದರು.

ನನ್ನ ಹಳೇ ಸೀಟಿಗೆ ಬೇರೆ ಯಾರೋ ಬಂದರಂತೆ. ಸತ್ಯಭಾಮಾ ಯಾರಿಂದಲೋ ಕೇಳಿ ಬಂದು ಹೇಳಿದಳು. ನಾನಾಗ ಬಂದರಿಕೆ ಬೀಜ ಬಿಸಿಲಿಗೆ ಹರಡುತ್ತಿದ್ದೆ, ಏನು ಉತ್ತರ ಕೊಟ್ಟೆನೋ ನೆನಪಿಲ್ಲ.

೫ ಜುಲೈ

ಶಾಮಿಯಾನ, ಮೈಕು, ಹದಿನಾರು ಬಿಳಿ ಟೋಪಿ. ವಾದಿರಾಜರ ಸ್ವಾಗತ ಭಾಷಣದಲ್ಲಿ ಪರಿಸರ ಎಂಬ ಪದ ಎಷ್ಟು ಸಲ ಬಂತೋ ಎಣಿಸುವುದನ್ನು ಬಿಟ್ಟೆ. ದೊಡ್ಡ ಸಾಹೇಬರು ಕಲ್ಲಿನಂತೆ ಕೂತಿದ್ದರು, ಥ್ಯಾಂಕ್ಯೂ ಎಂದು ಮಾತ್ರ ಹೇಳುತ್ತಿದ್ದರು.

ಸಸಿ ತಂದುಕೊಡುವ ಕೆಲಸವನ್ನು ರೇಣವ್ವನಿಗೆ ವಹಿಸಿದ್ದೆ. ಇಳಕಲ್ ಸೀರೆ ಉಟ್ಟು, ತಟ್ಟೆಯಲ್ಲಿ ಹೊಂಗೆ ಸಸಿ ಇಟ್ಟುಕೊಂಡು ಬಂದಳು. ಏನು ಕೇಳಬೇಕೆಂದು ನಾನು ಹೇಳಿಕೊಟ್ಟಿರಲಿಲ್ಲ. ಅವಳ ಮಾತು ಅವಳಿಗೆ ಬಿಟ್ಟದ್ದು.

"ಸಾಹೇಬ್ರ, ಇದನ್ನ ಎಲ್ಲಿ ಹಚ್ಚತೀರಿ?"

ದೊಡ್ಡ ಸಾಹೇಬರು ತಲೆ ಎತ್ತಿದರು. "ಯಾವೂರವಾ ತಂಗಿ ನಿಂದು?"

"ಬಾದಾಮಿ ಹತ್ರರೀ."

"ಹೌದನು? ನಂದು ರೋಣ. ಬಾರವಾ, ಕೂಡೇ ಹಚ್ಚೂಣು."

ಕೋಟು ಬಿಚ್ಚಿ ನಮ್ಮ ಸಾಹೇಬರ ಕೈಗೆ ಕೊಟ್ಟರು. ಮಣ್ಣಿನಲ್ಲಿ ಕೂತು ಸಸಿ ಇಟ್ಟು, ಕೈಯಿಂದಲೇ ಮಣ್ಣು ಒತ್ತಿದರು. ಎದ್ದು ಮೈಕು ಹಿಡಿದವರು ಇಂಗ್ಲಿಷನ್ನು ಮರೆತೇಬಿಟ್ಟಿದ್ದರು. "ನಮ್ಮಪ್ಪ ಹೊಲದ ಬದುವಿಗೆ ಬೇವು ಹಚ್ಚಿದ್ದ. ಇವತ್ತು ನಾ ಈ ತೋಳನಬಂಡಿ ಹಚ್ಚೀನಿ. ನೀವೂ ಹಚ್ರಿ, ನಿಮ್ಮ ಮಕ್ಕಳ ಕೈಲೆ ಹಚ್ಚಸ್ರಿ. ಒಬ್ಬರು ಹಚ್ಚಿದ್ರ ಸಾಲೂದಿಲ್ಲ, ಇಡೀ ಬೆಂಗಳೂರು ಹಚ್ಚಬೇಕು."

ವಾದಿರಾಜರು ಮೊದಲು ಚಪ್ಪಾಳೆ ಶುರು ಮಾಡಿದವರು. ಎರಡು ಸಲ ತಟ್ಟಿದ ಮೇಲೆ ಅವರ ಕೈಗಳು ಅಲ್ಲೇ ನಿಂತವು. ನಮ್ಮ ಸಾಹೇಬರು ಕೋಟು ಹಿಡಿದುಕೊಂಡು ಮೇಲೆ ಆಕಾಶ ನೋಡುತ್ತಿದ್ದರು. ನಾನು ಪಕ್ಕಕ್ಕೆ ಹೋಗಿ ಕಿವಿಯ ಹತ್ತಿರ ಕೇಳಿದೆ:

"ನೋಟ್ ಮಾಡ್ಕೊಳ್ಳಲಾ ಸಾರ್? ನಾವೆಲ್ಲಾ ವಿಟ್ನೆಸ್ ಇದೀವಿ."

ಇಪ್ಪತ್ತಾರು ವರ್ಷದ ಸರ್ಕಾರಿ ಸೇವೆಯಲ್ಲಿ ನನಗೆ ಇಷ್ಟು ಸುಖ ಕೊಟ್ಟ ಇನ್ನೊಂದು ದಿನ ಇಲ್ಲ.

೯ ಜುಲೈ

ಅಮಾನತು ರದ್ದಾಯಿತು. ತಪ್ಪು ತಿಳಿವಳಿಕೆಯಿಂದ ಆದದ್ದು ಎಂದು ಒಂದು ಸಾಲು ಬರೆದು ಮುಗಿಸಿದ್ದಾರೆ. ಯಾರ ತಪ್ಪು, ಯಾರ ತಿಳಿವಳಿಕೆ ಎಂದು ಬರೆದಿಲ್ಲ. ಬೆಂಕಿಯ ಕಾರಣ ತಿಳಿದುಬಂದಿಲ್ಲ ಎಂಬ ನನ್ನ ಹಳೇ ವರದಿಯನ್ನು ವಾಪಸ್ ತೆಗೆದುಕೊಂಡು ಹೊಸದು ಕೊಟ್ಟೆ: ಗೇಟಿನ ಬಳಿ ಎಲೆ ಸುಟ್ಟದ್ದರಿಂದ. ವಾದಿರಾಜರು ಪತ್ರಿಕೆಗೆ ಬರೆಯುತ್ತಾರಂತೆ, ಬರೆಯಲಿ.

ಜೆಸಿಬಿಯೂ ರದ್ದು. ನೀಲಗಿರಿ ಬೊಡ್ಡೆ ಸಾಯಿಸುವುದು, ತಾನಾಗಿ ಎದ್ದದ್ದನ್ನು ಕಾಯುವುದು, ಖರ್ಚು ಬಹಳ ಕಡಿಮೆ ಎಂದು ಬರೆದಿದ್ದೆ. ಕೊನೆಯ ಮೂರು ಪದ ಓದಿ ಒಪ್ಪಿಬಿಟ್ಟರು.

೧೮ ಜುಲೈ

ಗುರುಸಿದ್ದ ಬಂದ. ಹುಬ್ಬು ಪೂರ್ತಿ ಬೆಳೆದಿದೆ. ಬೆಲ್ಟು ವಾಪಸ್ ಕೊಟ್ಟೆ, ಹಾಕಿಕೊಂಡ. ಇಬ್ಬರೂ ಗುಡ್ಡ ಹತ್ತಿದೆವು. ಕಾರೆ ಮೊಣಕಾಲುದ್ದ ಬಂದಿದೆ, ನಡುವೆ ಹುಲ್ಲು. ನಾನು ಒಂದೇ ಸಮನೆ ಮಾತಾಡಿದೆ. ದೊಡ್ಡ ಸಾಹೇಬರ ಭಾಷಣವನ್ನು ಅವರ ದನಿಯಲ್ಲೇ ಹೇಳಿದೆ, ವಾದಿರಾಜರ ಕೈ ಗಾಳಿಯಲ್ಲಿ ನಿಂತದ್ದನ್ನು ಮಾಡಿ ತೋರಿಸಿದೆ. ಸತ್ಯಭಾಮಾ ಇದಕ್ಕೆ ನಾಲ್ಕು ಸಲ ನಕ್ಕಿದ್ದಾಳೆ.

ಅವನು ನಗಲಿಲ್ಲ. ಒಂದು ಬೊಡ್ಡೆಯ ಮುಂದೆ ಕೂತು ಗಂಟುಬಿದ್ದ ಚಿಗುರು ಮುರಿಯುತ್ತ ಹೇಳಿದ, "ಸಾಹೇಬ್ರ, ನಾ ಊರ ಕಡಿ ವರ್ಗ ಕೇಳೀನ್ರಿ. ಆಗೇತಿ. ಸೋಮವಾರ ಹೊಂಟೀವಿ."

"ಯಾಕಪ್ಪಾ, ಎಲ್ಲಾ ಸರಿಹೋಯ್ತಲ್ಲ?"

"ಹೌದ್ರಿ, ನೀವು ಭಾಳ ಮಾಡೀರಿ. ಅದು ಬ್ಯಾರೆ." ಮುರಿದ ಚಿಗುರನ್ನು ಪಕ್ಕಕ್ಕೆ ಹಾಕಿದ. "ನಿಮ್ಮ ಮಾತು ನನಗ ತಿಳೀಲಿಲ್ಲ ಅಂದ್ರ ನಾ ತಿರುಗಿ ಕೇಳತಿದ್ನಿರಿ. ಆವತ್ತು ನನ್ನ ಮಾತು ನಿಮಗ ತಿಳೀಲಿಲ್ಲ. ಒಮ್ಮೆ ಕೇಳಬೇಕಿತ್ರಿ."

"ತಿಳೀತು ಅಂದ್ಕೊಂಡ್ವಿ ಗುರುಸಿದ್ದ. ಅಷ್ಟೂ ಜನ ಹಾಗೇ ಅಂದ್ಕೊಂಡ್ರು."

"ಅದನ್ನ ಹೇಳಾಕ್ಹತ್ತೀನ್ರಿ. ಎಂಟು ವರ್ಷ ಅವರಿಗೆಲ್ಲಾ ದಿನಾ ನಮಸ್ಕಾರ ಹೊಡದೀನಿ. ಇಂವ ಬೆಂಕಿ ಹಚ್ಚ್ಯಾನ ಅಂದ ಕೂಡ್ಲೇ ಎಲ್ಲಾರೂ ನಂಬಿದ್ರು. ನನ್ನ ಹುಬ್ಬು ಸುಟ್ಟಿದ್ದು ನೋಡಿದಾವ್ರು ನೀವೊಬ್ಬರ ಇದ್ರಿ. ನೀವೂ ನಂಬಿದ್ರಿ."

ಸಿಟ್ಟಿನಿಂದ ಹೇಳಲಿಲ್ಲ. ಹೇಳಿದ್ದರೆ ನಾನೂ ಏನಾದರೂ ಎದುರಾಡಬಹುದಿತ್ತು. ಏನೋ ಒಂದು ಚಟಾಕಿ ಹಾರಿಸೋಣ ಎಂದು ಹುಡುಕಿದೆ, ಒಂದೂ ಸಿಗಲಿಲ್ಲ. ತುಂಬ ನಾಚಿಕೆಯಾಯಿತು. ತಪ್ಪಾಯಿತು ಎಂದೆ. ಅವನು ತಲೆಯಾಡಿಸಿ ಇನ್ನೊಂದು ಬೊಡ್ಡೆಗೆ ಹೋದ.

ಇಳಿಯುವಾಗ ಅವನು ಮುಂದೆ, ನಾನು ಹಿಂದೆ. ಹುಲ್ಲಿನ ಕಡೆ ಕೈ ತೋರಿಸಿ ಏನೋ ಹೇಳಿದ. ಗಾಳಿಗೆ ಅರ್ಧ ಹಾರಿಹೋಯಿತು, ಉಳಿದರ್ಧ ಅವನ ಊರಿನ ಮಾತು. ರೂಢಿಯಂತೆ ಹೂಂ ಎನ್ನಲು ಬಾಯಿ ತೆರೆದವನು ನಿಲ್ಲಿಸಿದೆ.

"ಏನಂದೆ ಗುರುಸಿದ್ದ? ತಿಳೀಲಿಲ್ಲ. ಇನ್ನೊಂದ್ಸಲ ಹೇಳು."

ಅವನು ನಿಂತ, ಹಿಂದಿರುಗಿ ನನ್ನ ಮುಖ ನೋಡಿದ. ದೀಪಾವಳಿ ಕಳೆದ ಕೂಡಲೇ ಈ ಹುಲ್ಲು ಕೊಯ್ಯಿಸಬೇಕು, ಬಿಟ್ಟರೆ ಬೇಸಿಗೆಗೆ ಮತ್ತೆ ಉರಿ ಹತ್ತುತ್ತದೆ ಎಂದು, ಒಂದೊಂದೇ ಮಾತು ಬಿಡಿಸಿ, ಇನ್ನೊಂದು ಸಲ ಹೇಳಿದ.